ಬನ್ನಿಯ ನೆಲದಲ್ಲಿ ಬಳ್ಳಾರಿ ಜಾಲಿ: ಕಂಟಿ ಕಡಿದವರ ಕಥೆ

ನಾವು ಒಮಾನಿಗೆ ಬಂದ ಮೊದಲ ವರ್ಷದ ವಿಜಯದಶಮಿಯ ದಿನ ನನ್ನ ಹೆಂಡತಿಗೆ ಬನ್ನಿ ಬೇಕಾಗಿತ್ತು. ಬಳ್ಳಾರಿ ಸೀಮೆಯವರಿಗೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎನ್ನದಿದ್ದರೆ ಹಬ್ಬ ಮುಗಿದಂತಾಗುವುದಿಲ್ಲ. ಮರಳುಗಾಡಿನಲ್ಲಿ ಬನ್ನಿ ಎಲ್ಲಿ ತರುವುದು ಎಂದು ನಾನು ನಕ್ಕಿದ್ದೆ. ಆ ವಾರಾಂತ್ಯ ಶರ್ಕಿಯಾ ಕಡೆಗೆ ಹೋಗುವಾಗ ವಾದಿಯ ದಂಡೆಯಲ್ಲಿ ಒಂದು ಹಳೆಯ ಮರ ಕಂಡಿತು. ಕಾರು ನಿಲ್ಲಿಸಿ ಎಲೆ ಮುಟ್ಟಿ ನೋಡಿದ ಅವಳು, "ರೀ, ಇದು ನಮ್ಮ ಬನ್ನಿ ಅಲ್ಲೇನು?" ಎಂದಳು. ಹೌದು, ಅದು ಬನ್ನಿಯೇ. ಒಮಾನಿಗಳು ಅದನ್ನು ಗಾಫ್ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ಪ್ರೊಸೋಪಿಸ್ ಸಿನರೇರಿಯಾ.

ಅದೇ ವಾದಿಯ ಇನ್ನೊಂದು ದಂಡೆಯಲ್ಲಿ ಇನ್ನೊಂದು ಪರಿಚಯದ ಮುಖವೂ ಇತ್ತು. ನೆಲಕ್ಕೆ ಬಾಗಿದ ಕೊಂಬೆಗಳು, ಉದ್ದನೆಯ ಮುಳ್ಳು, ಒಳಗೆ ಆಡೂ ನುಸುಳಲಾರದಷ್ಟು ಒತ್ತಾದ ಪೊದೆ. ಬಳ್ಳಾರಿ ಜಾಲಿ! ಇಲ್ಲಿಯವರು ಮೆಸ್ಕೀಟ್ ಎಂದೂ ಗಾಫ್ ಬಹ್ರಿ ಎಂದೂ ಕರೆಯುವ ಪ್ರೊಸೋಪಿಸ್ ಜುಲಿಫ್ಲೋರಾ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಬನ್ನಿಯ ಕುಲದಿಂದ ಬೇರ್ಪಡಿಸಿ ನೆಲ್ಟುಮಾ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅದಕ್ಕೂ ಎಷ್ಟೋ ಮೊದಲೇ ನಮ್ಮ ಅಜ್ಜಂದಿರು ಎರಡನ್ನೂ ಬೇರೆ ಮಾಡಿದ್ದರು: ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಕೊಡಲಿ.

ಈ ಪ್ರಬಂಧ ಆ ಕೊಡಲಿಯ ಚರಿತ್ರೆ. ದಟ್ಟವಾಗಿ ಬೆಳೆದ ಪೊದೆಯನ್ನು ತೆರವು ಮಾಡುವ ಕೆಲಸ ಕೊಡಲಿ ಮತ್ತು ಬೆಂಕಿಯಿಂದ ಇಂದಿನ ಮಲ್ಚರ್ ಯಂತ್ರದವರೆಗೆ ಹೇಗೆ ಬಂತು, ಅದರಲ್ಲಿ ನಾವು ಏನು ಕಲಿತೆವು, ಏನು ಕಲಿಯಲಿಲ್ಲ ಎಂಬುದು ವಿಷಯ. ನಾನು ಕೃಷಿ ವಿಜ್ಞಾನಿಯಲ್ಲ, ನಿವೃತ್ತ ವೈದ್ಯ. ಆದರೆ ಈ ಚರಿತ್ರೆಯ ಆರಂಭದಲ್ಲಿಯೇ ಕೆಲವರು ವೈದ್ಯರು ನಿಂತಿದ್ದಾರೆ.

ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ ಫ್ರಾನ್ಸಿಸ್ ಬುಕನನ್ ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿ 1801ರಲ್ಲಿ ಪ್ರವಾಸ ಮುಗಿಸಿದ. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಘಟ್ಟದ ಕುಮರಿ ಬೇಸಾಯದ ಪ್ರಸ್ತಾಪವಿದೆ. ಇಳಿಜಾರಿನ ಕಾಡಿನ ತುಂಡೊಂದನ್ನು ಕಡಿದು, ಬೇಸಿಗೆಯಲ್ಲಿ ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಆ ಬೂದಿಯಲ್ಲಿ ರಾಗಿ ಮುಂತಾದುವನ್ನು ಬಿತ್ತುವುದು. ಒಂದೆರಡು ಬೆಳೆ ತೆಗೆದು ನೆಲವನ್ನು ವರ್ಷಗಟ್ಟಲೆ ಕಾಡಿಗೆ ಬಿಟ್ಟುಕೊಟ್ಟು ಬೇರೆ ಕಡೆ ಹೋಗುವುದು. ಇದೇ ಕುಮರಿ.

ಎರಡನೆಯವನು ಹ್ಯೂ ಕ್ಲೆಗ್‌ಹಾರ್ನ್. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಎಂ.ಡಿ. ಪಡೆದು, ಕಂಪನಿಯ ವೈದ್ಯನಾಗಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸ ಮಾಡಿದವನು. ರೋಗಿಗಳ ಜೊತೆಗೆ ಸುತ್ತಲ ಗಿಡಗಳನ್ನೂ ಗುರುತಿಸುತ್ತ ಹೋದ ಆತನನ್ನು 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿದರು. ಮುಂಬಯಿ ಪ್ರಾಂತ್ಯದಲ್ಲಿ ಅದೇ ಹುದ್ದೆಗೆ ಮೊದಲು ಬಂದ ಅಲೆಕ್ಸಾಂಡರ್ ಗಿಬ್ಸನ್ ಕೂಡ ಶಸ್ತ್ರವೈದ್ಯನೇ. ಕ್ಲೆಗ್‌ಹಾರ್ನ್ ಕುಮರಿಯ ಕಡುವಿರೋಧಿ. 1860ರಲ್ಲಿ ಮದ್ರಾಸ್ ಸರ್ಕಾರ ಕೆನರಾದ ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕಾಡು ಉಳಿಯಬೇಕೆಂಬ ಅವನ ಕಾಳಜಿ ನಿಜ. ಹಡಗಿಗೂ ರೈಲಿಗೂ ಮರ ಬೇಕೆಂಬ ಸರ್ಕಾರದ ಲೆಕ್ಕವೂ ಅಷ್ಟೇ ನಿಜ. ಅನ್ನ ಕಳೆದುಕೊಂಡವರು ಮಾತ್ರ ಗುಡ್ಡದ ಬಡವರು.

ಇಲ್ಲಿ ಚರಿತ್ರೆಯ ಒಂದು ವಿಡಂಬನೆಯಿದೆ. ಸ್ಥಳೀಯರ ಬೆಂಕಿಯಿಂದ ಕಾಡನ್ನು ಕಾಯಲು ಹುಟ್ಟಿದ ಮದ್ರಾಸ್ ಪ್ರಾಂತ್ಯದ ಅರಣ್ಯಾಡಳಿತದ ಕಾಲದಲ್ಲೇ, ಸುಮಾರು 1877ರಲ್ಲಿ, ಜಮೈಕಾದಿಂದ ತರಿಸಿದ ಜಾಲಿಯ ಬೀಜವನ್ನು ಕಡಪ ಜಿಲ್ಲೆಯಲ್ಲಿ ನೆಟ್ಟರು. ಅದು ಧಾತು–ಈಶ್ವರ ಸಂವತ್ಸರಗಳ ಭೀಕರ ಬರದ ಕಾಲ. ಬಳ್ಳಾರಿ ಸೀಮೆ ಆ ಬರದಲ್ಲಿ ನುಚ್ಚುನೂರಾಗಿತ್ತು. ನೀರಿಲ್ಲದೆ ಬೆಳೆಯುವ, ಸೌದೆ ಕೊಡುವ, ದನ ತಿನ್ನುವ ಕಾಯಿ ಬಿಡುವ ಮರ ಯಾರಿಗೆ ಬೇಡ? ಅದು ಹಬ್ಬಿತು, ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿತು. ಸುಮಾರು ನೂರು ವರ್ಷಗಳ ಮೇಲೆ ಕೊಲ್ಲಿ ದೇಶಗಳಲ್ಲೂ ಅದೇ ತರ್ಕ ನಡೆಯಿತು. ಮರಳು ತಡೆಯಲು, ನೆರಳಿಗೆ, ರಸ್ತೆ ಬದಿಯ ಹಸಿರಿಗೆ ಅದನ್ನು ನೆಟ್ಟರು. ಸಿಹಿ ಕಾಯನ್ನು ಆಡು, ಒಂಟೆ, ದನ ತಿಂದವು. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಅರಗದೆ ಗೊಬ್ಬರದ ಸಮೇತ ಹೊಸ ಜಾಗಕ್ಕೆ ಬಿತ್ತು. ಇದಕ್ಕಿಂತ ಒಳ್ಳೆಯ ಬಿತ್ತನೆ ಯಾವ ರೈತನಿಗೂ ಸಾಧ್ಯವಿಲ್ಲ.

ಲಂಟಾನದ ಕಥೆಯೂ ಇಂಥದ್ದೇ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದು, ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನೇ ಮುಚ್ಚಿದೆ. ಬಿಳಿಗಿರಿಯ ಸೋಲಿಗರು ಮೊದಲೆಲ್ಲ ಬೇಸಿಗೆಯ ಆರಂಭದಲ್ಲಿ 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದ ತರಗೆಲೆಯನ್ನು ಮಾತ್ರ ಸುಡುವ, ಮೊಣಕಾಲು ಮಟ್ಟದ, ಬೇಗ ಸರಿದುಹೋಗುವ ಬೆಂಕಿ ಅದು. ವನ್ಯಜೀವಿ ಕಾಯಿದೆಗಳು ಬಂದು ಅದು ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಏರಿತು ಎಂಬುದು ಸೋಲಿಗರ ಮಾತು, ಸಂಶೋಧಕರು ಅದನ್ನು ಗಂಭೀರವಾಗಿ ಪರಿಗಣಿಸಿ ಬರೆದಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವುದನ್ನು ಸೋಲಿಗರು ಕಲಿತರು. ಕಡಿದದ್ದಕ್ಕೆ ಬೆಲೆ ಬಂದಾಗ ಕಡಿಯುವ ಕೈಯೂ ಸಿಗುತ್ತದೆ.

ವೈದ್ಯನಾಗಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರಿಗೆ ಜ್ವರ ಬಂತು. ಉಣ್ಣೆಯಿಂದ ಹರಡುವ ಆ ವೈರಸ್ಸಿಗೆ ಊರಿನ ಹೆಸರೇ ನಿಂತಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು. ಕಾಡು ಕಡಿದು ಗದ್ದೆ ಮಾಡಿದ ಅಂಚಿನಲ್ಲಿ, ದನ ಮೇಯುವ ಪೊದೆಗಳಲ್ಲಿ, ಉಣ್ಣೆಗೂ ಮನುಷ್ಯನಿಗೂ ಭೇಟಿ ಹೆಚ್ಚಾದದ್ದೇ ರೋಗ ಹೊರಬರಲು ಒಂದು ಕಾರಣ ಎಂದು ಅಧ್ಯಯನ ಮಾಡಿದವರು ಶಂಕಿಸಿದರು. ಅದರ ಹತ್ತಿರದ ಸಂಬಂಧಿ ವೈರಸ್ಸೊಂದು 1990ರ ದಶಕದಲ್ಲಿ ನಮ್ಮ ನೆರೆಯ ಸೌದಿ ಅರೇಬಿಯಾದಲ್ಲಿ ಪತ್ತೆಯಾಯಿತು. ಹಾಗಾಗಿ ನೆಲ ತೆರವು ಮಾಡುವುದು ಬರಿಯ ಬೇಸಾಯದ ವಿಷಯವಲ್ಲ. ಅದು ಆರೋಗ್ಯದ ವಿಷಯವೂ ಹೌದು.

ಈಗ ಯಂತ್ರಕ್ಕೆ ಬರೋಣ. ಎರಡನೆಯ ಮಹಾಯುದ್ಧದ ನಂತರ ಬುಲ್‌ಡೋಜರ್ ಎಲ್ಲೆಡೆ ಬಂತು. ಅದು ಪೊದೆಯನ್ನು ಬೇರುಸಮೇತ ತಳ್ಳುತ್ತದೆ, ಆದರೆ ಬೇರಿನ ಜೊತೆಗೆ ಫಲವತ್ತಾದ ಮೇಲ್ಮಣ್ಣನ್ನೂ ತಳ್ಳಿ ರಾಶಿ ಹಾಕುತ್ತದೆ. ಆ ರಾಶಿಗೆ ಬೆಂಕಿ ಇಟ್ಟರೆ ಮಣ್ಣಿನ ಸಾರವೂ ಹೋಯಿತು. ಮಲ್ಚರ್ ಬಂದದ್ದು ಈ ತಪ್ಪನ್ನು ತಿದ್ದಲು. ಗಟ್ಟಿ ಲೋಹದ ಹಲ್ಲುಗಳಿರುವ ಉರುಳೆ ವೇಗವಾಗಿ ತಿರುಗುತ್ತ, ನಿಂತ ಪೊದೆಯನ್ನು ನಿಂತಲ್ಲೇ ಅರೆದು ಚೂರು ಮಾಡಿ ನೆಲಕ್ಕೆ ಹರಡುತ್ತದೆ. ಸುಡಬೇಕಿಲ್ಲ, ಸಾಗಿಸಬೇಕಿಲ್ಲ, ಮಣ್ಣು ಕದಲುವುದಿಲ್ಲ. ಆ ಚೂರಿನ ಹಾಸು ಮಳೆಹನಿಯ ಪೆಟ್ಟು ತಡೆಯುತ್ತದೆ, ತೇವ ಹಿಡಿಯುತ್ತದೆ. ಮಲೆನಾಡಿನ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಬುಡಕ್ಕೆ ಮುಚ್ಚಿಗೆ ಹಾಕುವುದೂ ಇದೇ ವಿದ್ಯೆ.

ಆದರೆ ಒಂದೇ ಔಷಧಿ ಎಲ್ಲ ರೋಗಿಗೂ ಹೊಂದುವುದಿಲ್ಲ. ಎರೆಭೂಮಿ ಒದ್ದೆಯಾಗಿದ್ದಾಗ ಭಾರದ ಯಂತ್ರ ಇಳಿಸಿದರೆ ಹೂತುಹೋಗುತ್ತದೆ, ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಅಲ್ಲಿ ಒಣಗಿದ ಕಾಲವೇ ಸರಿ. ಮಸಾರಿ ನೆಲದಲ್ಲಿ, ವಾದಿಯ ಬೆಣಚುಕಲ್ಲಿನ ಮೇಲೆ, ಹಲ್ಲು ಮುರಿಯುತ್ತದೆ, ಕಲ್ಲು ಗುಂಡಿನಂತೆ ಸಿಡಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಚಕ್ರದ ಟ್ರ್ಯಾಕ್ಟರ್ ಮಗುಚೀತು. ಅಲ್ಲಿ ಪಟ್ಟಿಯ ಮೇಲೆ ಚಲಿಸುವ, ಉದ್ದ ತೋಳಿನ ತುದಿಗೆ ಉರುಳೆ ಕಟ್ಟಿದ ಯಂತ್ರ ಬೇಕು, ಇಲ್ಲವೇ ಮನುಷ್ಯನ ಕೈಯೇ ಬೇಕು. ಮಳೆಯ ನಾಡಿನಲ್ಲಿ ಚೂರು ಕೊಳೆತು ಗೊಬ್ಬರವಾಗುತ್ತದೆ. ಒಮಾನಿನ ಒಣ ಬಯಲಿನಲ್ಲಿ ಅದು ಕೊಳೆಯದೆ ಬಿದ್ದಿರುತ್ತದೆ, ದಪ್ಪಗಿದ್ದರೆ ಕಿಡಿಗೆ ಕಾದಿರುತ್ತದೆ. ಹಸಿ ಚೂರನ್ನು ಮಣ್ಣಿನೊಳಗೆ ಕಲಸಿಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಮುಂದಿನ ಬೆಳೆಯನ್ನು ಉಪವಾಸ ಕೆಡವುತ್ತವೆ. ಮೇಲೆ ಹಾಸಿದರೆ ಆ ತೊಂದರೆ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಲಿಯ ಸ್ವಭಾವ. ಅದರ ಜೀವ ಕೊಂಬೆಯಲ್ಲಿಲ್ಲ, ಬುಡದಲ್ಲಿದೆ. ಕಾಂಡವೂ ಬೇರೂ ಕೂಡುವ ಜಾಗದಲ್ಲಿ, ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ನೂರಾರು ಮೊಗ್ಗು ಮಲಗಿರುತ್ತವೆ. ಮೇಲೆ ಕತ್ತರಿಸಿದಷ್ಟೂ ಅವು ಎಚ್ಚರವಾಗುತ್ತವೆ. ಒಂದು ಕಾಂಡ ಇದ್ದ ಕಡೆ ಐದಾರು ಎದ್ದು ನಿಲ್ಲುತ್ತವೆ. ಕೀವಿನ ಗಂಟನ್ನು ಒಳಗಿಂದ ತೆಗೆಯದೆ ಮೇಲೆ ಪಟ್ಟಿ ಕಟ್ಟಿದ ಹಾಗೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಊರಿನಲ್ಲಿ ನಮ್ಮ ಪಾಲಿಗೆ ಆರು ಎಕರೆ ಇದೆ, ಅರ್ಧ ಎರೆ, ಅರ್ಧ ಮಸಾರಿ. ನಾನು ಇಲ್ಲಿ, ತಂಗಿ ಪುಣೆಯಲ್ಲಿ, ತಮ್ಮ ಪಟ್ಟಣದಲ್ಲಿ. ಉಳುವವರಿಲ್ಲದ ಹೊಲದಲ್ಲಿ ಜಾಲಿ ತಾನೇ ಒಡೆಯನಾಯಿತು. ಕೆಲವು ವರ್ಷಗಳ ಹಿಂದೆ ತಮ್ಮ ಫೋನು ಮಾಡಿ, ಮಲ್ಚರ್ ಬಾಡಿಗೆಗೆ ಸಿಗುತ್ತದೆ, ತರಿಸಲೇ ಎಂದು ಕೇಳಿದ. "ಎಲ್ಲಾ ತೆಗೆಸಿಬಿಡು" ಎಂದೆ. ಎರಡೇ ದಿನದಲ್ಲಿ ಹೊಲ ಬಯಲಾದ ಫೋಟೋ ಬಂತು. ನಾನು ಹಿಗ್ಗಿದೆ, ಗೆಳೆಯರಿಗೆಲ್ಲ ತೋರಿಸಿದೆ.

ಮುಂಗಾರು ಕಳೆದು ರಜೆಗೆ ಹೋದಾಗ ಸೊಂಟದೆತ್ತರದ ಜಾಲಿ ನಿಂತಿತ್ತು, ಮೊದಲಿಗಿಂತ ಒತ್ತಾಗಿ. ಕಾಯಿ ಬಲಿತ ಕಾಲದಲ್ಲಿ ಅರೆದಿದ್ದರಿಂದ ಬೀಜವೂ ಹೊಲದ ತುಂಬ ಹರಡಿತ್ತು. ಅದಲ್ಲ ನನ್ನ ಎದೆ ಹಿಂಡಿದ್ದು. ಪಡುವಣ ಬದುವಿನ ಮೇಲೆ ಅಪ್ಪ ಬೆಳೆಸಿದ್ದ ಒಂದು ಬನ್ನಿ ಇತ್ತು. ಅಪ್ಪ ಹೋದ ಮೇಲೆ ಅದರ ಸುತ್ತ ಜಾಲಿ ಮುತ್ತಿತ್ತು. ಯಂತ್ರ ನಡೆಸುವ ಹುಡುಗನಿಗೆ ಎರಡೂ ಮುಳ್ಳಿನ ಗಿಡವೇ. "ಅಣ್ಣಾ, ಎಲ್ಲಾ ತೆಗೆಸು ಅಂತ ನೀನೇ ಹೇಳಿದ್ದಿ" ಎಂದ ತಮ್ಮ. ಅವನ ತಪ್ಪಲ್ಲ, ಆ ಹುಡುಗನದೂ ಅಲ್ಲ. ರೋಗಿಯನ್ನು ನೋಡದೆ ಫೋನಿನಲ್ಲಿ ಔಷಧಿ ಬರೆಯಬಾರದು ಎಂದು ಕಿರಿಯ ವೈದ್ಯರಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು.

ಆಮೇಲೆ ಕೆಲಸವನ್ನು ಬೇರೆ ರೀತಿ ಮಾಡಿದೆವು. ಉಳಿಯಬೇಕಾದ ಗಿಡಕ್ಕೆ ಮೊದಲು ಸುಣ್ಣ ಬಳಿದೆವು. ಕಾಯಿ ಬಲಿಯುವ ಮುನ್ನವೇ ಯಂತ್ರ ತರಿಸಿ ಮೇಲಿನ ಪೊದೆಯನ್ನಷ್ಟೇ ಅರೆಸಿದೆವು, ಬೊಡ್ಡೆಗಳು ಕಾಣುವಂತಾಯಿತು. ಮೊದಲ ಮಳೆಗೆ ನೆಲ ಮೆತ್ತಗಾದ ಮೇಲೆ ಆಳುಗಳು ಪಿಕಾಸಿ, ಹಾರೆ ಹಿಡಿದು ಒಂದಡಿ ಆಳದಿಂದ ಬುಡವನ್ನೇ ಕಿತ್ತರು. ಮರುವರ್ಷ ಸಸಿಗಳನ್ನು ಕೈಯಿಂದ ಕಿತ್ತರು. ತೆರವಾದ ನೆಲವನ್ನು ಖಾಲಿ ಬಿಡದೆ ಸಜ್ಜೆ, ಹುರುಳಿ ಹಾಕಿಸಿದೆವು, ಏಕೆಂದರೆ ಬರಿ ನೆಲ ಜಾಲಿಗೆ ಕೊಟ್ಟ ಆಮಂತ್ರಣ. ಖರ್ಚು ಹೆಚ್ಚಾಯಿತು, ಫೋಟೋ ಅಷ್ಟು ಚೆಂದ ಬರಲಿಲ್ಲ.

ಒಮಾನಿನಲ್ಲೂ ಇದೇ ಪಾಠ ನಡೆಯುತ್ತಿದೆ. ಧೋಫಾರಿನಲ್ಲಿ ಪರಿಸರ ಪ್ರಾಧಿಕಾರ ಮೆಸ್ಕೀಟ್ ನಿರ್ಮೂಲನದ ಕೆಲಸ ಕೈಗೊಂಡಿದೆ. ಅಲ್ಲಿಯ ನೆಲದ ವೈವಿಧ್ಯ ನೋಡಿ: ಸಲಾಲದ ಕರಾವಳಿ ಬಯಲು, ಜೂನ್‌ನಿಂದ ಸೆಪ್ಟೆಂಬರ್ ತನಕ ಖರೀಫ್ ಮಂಜಿನಲ್ಲಿ ನೆನೆಯುವ ಬೆಟ್ಟದ ಸಾಲು, ಅಲ್ಲಿ ನಮ್ಮ ದಿಂಡಿಗದ ಸಂಬಂಧಿಯಾದ ಮರದ ಕಾಡು, ಬೆಟ್ಟ ದಾಟಿದರೆ ಧೂಪದ ಮರದ ಒಣ ನೆಲ. ಒಂದೇ ಯಂತ್ರ, ಒಂದೇ ಕ್ರಮ ಇಷ್ಟೆಲ್ಲಕ್ಕೂ ಸಾಲದು. 2007ರ ಗೋನು, 2021ರ ಶಾಹೀನ್ ಚಂಡಮಾರುತಗಳನ್ನು ಕಂಡ ನಮಗೆ ವಾದಿಯ ದಾರಿ ತೆರೆದಿರಬೇಕಾದ ಅಗತ್ಯವೂ ಗೊತ್ತು, ಬೆಟ್ಟದ ಇಳಿಜಾರನ್ನು ಒಮ್ಮೆಲೇ ಬೋಳು ಮಾಡಿದರೆ ಮಣ್ಣು ಏನಾಗುತ್ತದೆ ಎಂಬುದೂ ಗೊತ್ತು.

ನಮ್ಮ ಸಂಘದ ಸದಸ್ಯರಲ್ಲಿ ಹಲವರಿಗೆ ಊರಿನಲ್ಲಿ ಇಂಥ ಹೊಲಗಳಿವೆ. ನಾವು ಕಳಿಸಿದ ಹಣದಿಂದ ಮನೆಗಳಾದವು, ಮಕ್ಕಳು ಓದಿದರು. ಹೊಲಗಳು ಮಾತ್ರ ಪೊದೆಯಾದವು. ಕುಮರಿಯವರು ನೆಲವನ್ನು ಬಿಟ್ಟುಹೋದರೂ ಮರಳಿ ಬರುವ ಲೆಕ್ಕ ಇಟ್ಟಿದ್ದರು. ನಾವು ಆ ಲೆಕ್ಕ ಇಡಲಿಲ್ಲ. ಊರಿಗೆ ಫೋನು ಮಾಡಿ "ಎಲ್ಲಾ ತೆಗೆಸಿಬಿಡು" ಎನ್ನುವ ಮುನ್ನ ಒಮ್ಮೆ ಹೋಗಿ ಹೊಲದಲ್ಲಿ ನಡೆಯಿರಿ. ಯಾವುದು ಜಾಲಿ, ಯಾವುದು ಬನ್ನಿ ಎಂದು ನೀವೇ ಗುರುತು ಹಾಕಿ.

ಪಡುವಣ ಬದುವಿನಲ್ಲಿ ಈಗ ಹೊಸ ಬನ್ನಿ ಸಸಿಯೊಂದಿದೆ, ಮೊಣಕಾಲೆತ್ತರ. ಬನ್ನಿ ನಿಧಾನದ ಮರ, ಅದರ ನೆರಳು ನನಗೆ ಸಿಗುವುದಿಲ್ಲ. ಈ ಮಳೆಗಾಲದಲ್ಲಿ ಹತ್ತಿಪ್ಪತ್ತು ಕಡೆ ಜಾಲಿ ಮತ್ತೆ ಚಿಗುರಿದೆ ಎಂದು ತಮ್ಮ ಮೊನ್ನೆ ಹೇಳಿದ. ಪಿಕಾಸಿಗೆ ಹೊಸ ಕಾವು ಹಾಕಿಸಿದ್ದಾನಂತೆ.