ಆನ್‌ಲೈನ್ ಆಪ್ತಸಮಾಲೋಚನೆ ನಡೆದು ಬಂದ ದಾರಿ

ಒತ್ತಡ, ಚಟ ಮತ್ತು ಬದುಕಿನ ತಿರುವುಗಳಲ್ಲಿ ಸಿಲುಕಿದವರಿಗೆ ಫೋನ್, ವಿಡಿಯೊ ಕರೆ, ಚಾಟ್‌ಗಳ ಮೂಲಕ ನೆರವಾಗುವ ಆನ್‌ಲೈನ್ ಆಪ್ತಸಮಾಲೋಚನೆ ಕೋವಿಡ್ ಕಾಲದಲ್ಲಿ ಹುಟ್ಟಿತೆಂಬ ಮಾತು ಈಗ ರೂಢಿಯಲ್ಲಿದೆ. ಅದು ಸರಿಯಲ್ಲ. ಎದುರಿಗಿಲ್ಲದವರ ಸಂಕಟಕ್ಕೆ ಕಿವಿಗೊಡುವ ಕ್ರಮಕ್ಕೆ ಏಳು ದಶಕಗಳ ಇತಿಹಾಸವಿದೆ. ತಂತ್ರಜ್ಞಾನ ಬದಲಾದಂತೆ ಅದರ ಹರವು ಹಿಗ್ಗಿತು. ಅದರ ಗುಣ ಮಾತ್ರ ಪ್ರತಿ ಹಂತದಲ್ಲೂ ಕೇಳಿಸಿಕೊಳ್ಳುವವರ ತರಬೇತಿಯನ್ನೇ ಅವಲಂಬಿಸಿತ್ತು.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾಹ್, ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ತಮ್ಮ ಚರ್ಚಿನ ಫೋನನ್ನು ತೆರೆದಿಟ್ಟರು. ಅಲ್ಲಿಂದ ‘ಸಮಾರಿಟನ್ಸ್’ ಎಂಬ ಸಹಾಯವಾಣಿ ಸಂಸ್ಥೆ ಬೆಳೆಯಿತು. 1966ರಲ್ಲಿ ಅಮೆರಿಕದ ಜೋಸೆಫ್ ವೈಜನ್‌ಬಾಮ್, ಚಿಕಿತ್ಸಕನಂತೆ ಮಾತಾಡುವ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ಜನ ಅದರ ಮುಂದೆ ಮನಸ್ಸು ಬಿಚ್ಚಿದ್ದು ಕಂಡು ಅವರೇ ಕಳವಳಗೊಂಡರು. 1986ರಲ್ಲಿ ಚೆನ್ನೈಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಆತ್ಮಹತ್ಯೆ ತಡೆಯುವ ‘ಸ್ನೇಹಾ’ ಸಂಸ್ಥೆ ಆರಂಭಿಸಿದರು.

ಕನ್ನಡದಲ್ಲಿ ಈ ಕೆಲಸಕ್ಕೆ ನೆಲ ಹದ ಮಾಡಿದ್ದು ಅಚ್ಚಿನ ಮಾಧ್ಯಮ. ಮನಸ್ಸಿನ ಕುರಿತ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಪುಸ್ತಕ, ಲೇಖನಗಳ ಮೂಲಕ ಮನೋರೋಗದ ತಿಳಿವಳಿಕೆಯನ್ನು ಹಳ್ಳಿಯ ಓದುಗರಿಗೂ ಮುಟ್ಟಿಸಿದರು. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಕ್ಕೆ ಹೆಸರು ಮರೆಸಿ ಬರೆಯುತ್ತಿದ್ದವರ ಧೈರ್ಯವೇ ಮುಂದೆ ಸಹಾಯವಾಣಿಯ ಬಂಡವಾಳವಾಯಿತು.

ಈ ಕ್ಷೇತ್ರದ ನಿಜವಾದ ತಳಪಾಯ ಬಿದ್ದದ್ದು ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಅವರೂ ಮಾನಸಿಕ ಆರೋಗ್ಯ ಸೇವೆ ನೀಡಬಲ್ಲರೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಅಲ್ಲಿ ತೋರಿಸಿತು. ಇಡೀ ಜಿಲ್ಲೆಯನ್ನು ಒಳಗೊಂಡ ಆ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತಜ್ಞರಲ್ಲದವರೂ ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ಖಿನ್ನತೆ, ಕುಡಿತಗಳಿಗೆ ಪರಿಣಾಮಕಾರಿಯಾಗಿ ಸಲಹೆ ನೀಡಬಲ್ಲರೆಂದು ಗೋವಾದ ‘ಸಂಗಾತ್’ ಸಂಸ್ಥೆಯ ಅಧ್ಯಯನಗಳು ಮುಂದೆ ದೃಢಪಡಿಸಿದವು. ದೂರದ ಸಮಾಲೋಚನೆ ನಿಂತಿರುವುದು ಈ ನಂಬಿಕೆಯ ಮೇಲೆಯೇ.

ಮುಂದಿನ ಬೆಳವಣಿಗೆ ಬಿರುಸಾಯಿತು. 2012ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ‘ಐಕಾಲ್’ ಆರಂಭಿಸಿ ಫೋನಿನ ಜೊತೆ ಇಮೇಲ್, ಚಾಟ್‌ಗಳನ್ನೂ ಬಳಸಿತು. 2014ರಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗಾಗಿಯೇ ನಿಮ್ಹಾನ್ಸ್‌ನಲ್ಲಿ ‘ಶಟ್’ ಕ್ಲಿನಿಕ್ ಬಂತು. 2018ರಿಂದ ತಂಬಾಕು ಬಿಡುವವರಿಗೆ ಅಲ್ಲಿಂದಲೇ ದಕ್ಷಿಣದ ಭಾಷೆಗಳಲ್ಲಿ ದೂರವಾಣಿ ನೆರವು ಸಿಗತೊಡಗಿತು. 2020ರ ಲಾಕ್‌ಡೌನ್ ಈ ಅನುಭವವನ್ನೆಲ್ಲ ಒಮ್ಮೆಗೇ ಒರೆಗೆ ಹಚ್ಚಿತು. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಸಹಾಯವಾಣಿ ‘ಟೆಲಿ ಮನಸ್’ ಇದರ ಫಲ. 14416ಕ್ಕೆ ಕರೆ ಮಾಡಿದವರೊಂದಿಗೆ ಮೊದಲು ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ಕರೆ ತಜ್ಞರಿಗೆ ಅಥವಾ ಜಿಲ್ಲಾ ಸೇವೆಗೆ ಹೋಗುತ್ತದೆ. ನಿಮ್ಹಾನ್ಸ್ ಇದರ ಕೇಂದ್ರ. ಬೆಂಗಳೂರಿನ ಐಐಐಟಿಯದು ತಾಂತ್ರಿಕ ಹೊಣೆ. 2025ರ ಹೊತ್ತಿಗೆ ಕರೆಗಳ ಸಂಖ್ಯೆ 20 ಲಕ್ಷ ದಾಟಿತು.

ಚಟದ ವಿಷಯದಲ್ಲಿ ಈ ವಿಧಾನಕ್ಕೆ ಸ್ಪಷ್ಟ ಮಿತಿಯಿದೆ. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಸನ್ನಿ ಬರಬಹುದು. ಅದಕ್ಕೆ ಆಸ್ಪತ್ರೆಯೇ ಬೇಕು. ಆದರೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಮರಳಿ ಜಾರದಂತೆ ಹಿಡಿದಿಡಲು ವಾರಕ್ಕೊಂದು ಕರೆ ಬಹಳ ಉಪಯುಕ್ತ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಕುಡಿತ ಬಿಟ್ಟವರ ‘ನವಜೀವನ ಸಮಿತಿ’ಗಳ ಮೂಲಕ ಇಂಥದೇ ಅನುಪಾಲನೆ ನಡೆಸುತ್ತವೆ. ಶಿಬಿರ, ಆಸ್ಪತ್ರೆ, ಸಹಾಯವಾಣಿ ಮೂರನ್ನೂ ಹೆಣೆಯುವ ಕೆಲಸ ಇನ್ನೂ ಆಗಬೇಕಿದೆ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತದ ಸಮಸ್ಯೆಯಿರುವ ನೂರರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಬದುಕಿನ ತಿರುವುಗಳಾದ ಪರೀಕ್ಷೆ, ಮದುವೆ, ವಿಚ್ಛೇದನ, ಕೆಲಸ ಹೋಗುವುದು, ನಿವೃತ್ತಿ, ಸಾವು ಇವು ರೋಗಗಳಲ್ಲ. ಆದ್ದರಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಲು ಜನ ಹಿಂಜರಿಯುತ್ತಾರೆ. ಇಂಥವರಿಗೆ ಆನ್‌ಲೈನ್ ದಾರಿ ಸಲೀಸು. ಆದರೂ ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಗಂಡನ ಎದುರು ಹೆಣ್ಣುಮಗಳೊಬ್ಬಳು ಬಾಯಿಬಿಟ್ಟು ಮಾತಾಡುವುದು ಕಷ್ಟ. ಅಲ್ಲಿ ಬರಹದ ಚಾಟ್ ನೆರವಾಗುತ್ತದೆ, ಓದುಬರಹ ಮತ್ತು ಸ್ವಂತ ಮೊಬೈಲ್ ಇದ್ದರೆ ಮಾತ್ರ. ಬೆಂಗಳೂರಿನಲ್ಲೇ ಹುಟ್ಟಿದ ‘ಯುವರ್‌ದೋಸ್ತ್’, ‘ವೈಸಾ’ದಂಥ ಸೇವೆಗಳು ನಗರದ ಯುವಜನರಿಗೆ ಬಾಗಿಲು ತೆರೆದಿವೆ. ಚಾಟ್‌ಬಾಟ್ ಮೊದಲ ಮಾತಿಗೆ ಒದಗೀತು, ಆದರೆ ಆತ್ಮಹತ್ಯೆಯ ಅಂಚಿನಲ್ಲಿರುವವರಿಗೆ ಮನುಷ್ಯರೇ ಬೇಕು.

ನಿಯಮಗಳು ಹಿಂದೆ ಉಳಿದಿವೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರಿಗಷ್ಟೇ ಅನ್ವಯ. ಸಮಾಲೋಚಕರೆಂದು ಬೋರ್ಡು ಹಾಕಿಕೊಂಡವರ ಅರ್ಹತೆಯನ್ನು ಕರೆ ಮಾಡುವವರು ತಿಳಿಯಲು ಸುಲಭದ ದಾರಿಯಿಲ್ಲ. ಪಠ್ಯ ಮತ್ತು ತರಬೇತಿ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಕಲಬುರಗಿಯ ಕನ್ನಡಕ್ಕೂ ಕರಾವಳಿಯ ತುಳು, ಬ್ಯಾರಿಗಳಿಗೂ ಒಗ್ಗುವ ಅಭ್ಯಾಸಸಾಮಗ್ರಿ ವಿರಳ. ಹೊಸ ಆ್ಯಪ್‌ಗಳಿಗೆ ಹರಿಯುವ ಹಣದ ಒಂದು ಪಾಲು ಕನ್ನಡ ಬಲ್ಲ ಸಮಾಲೋಚಕರ ತರಬೇತಿ, ಮೇಲ್ವಿಚಾರಣೆ ಮತ್ತು ಖಾಯಂ ನೌಕರಿಗೆ ಸಿಕ್ಕರೆ ಈ ಕ್ಷೇತ್ರದ ಮುಂದಿನ ಹಂತ ಗಟ್ಟಿಯಾಗುತ್ತದೆ.