ಮರುನಾಮಕರಣ, ಗೇಮ್ ಪ್ರೋಗ್ರಾಮಿಂಗ್‌ನಲ್ಲಿ

ಕೋಡ್‌ನಲ್ಲಿರುವ ಕ್ಲಾಸ್, ಫಂಕ್ಷನ್, ವೇರಿಯಬಲ್‌ಗಳ ಹೆಸರನ್ನು, ಆಟ ನಡೆಯುವ ರೀತಿ ಕೆಡದಂತೆ, ಪ್ರಾಜೆಕ್ಟ್‌ನ ಎಲ್ಲ ಕಡೆ ಒಟ್ಟಿಗೆ ಬದಲಿಸುವ ಕೆಲಸ. ಇದು ರಿಫ್ಯಾಕ್ಟರಿಂಗ್‌ನ ಒಂದು ಬಗೆ. ಇದನ್ನು ಹೆದ್ದಾರಿಯ ಸಂಖ್ಯೆ ಬದಲಾಗುವುದಕ್ಕೆ ಹೋಲಿಸಬಹುದು: ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಗೆ 2010ರ ಮರುಸಂಖ್ಯೆಯಲ್ಲಿ 9ರ ಬದಲು 65 ಬಂತು. ರಸ್ತೆ ಅದೇ, ಬದಲಾಗಬೇಕಾದದ್ದು ಫಲಕ, ನಕ್ಷೆ, ಕಾಗದಪತ್ರ. ಕೋಡ್‌ನಲ್ಲೂ ಕಷ್ಟವಿರುವುದು ಹಳೆಯ ಹೆಸರು ಉಳಿದುಕೊಂಡ ಮೂಲೆಗಳಲ್ಲೇ.

ಬರೀ ಫೈಂಡ್–ರಿಪ್ಲೇಸ್ ನಂಬುವಂಥದ್ದಲ್ಲ. ‘ಸ್ಪೀಡ್’ ಬದಲಿಸಹೋದರೆ ‘ಸ್ಪೀಡ್‌ಬೂಸ್ಟ್’ ಕೂಡ ಬದಲಾಗಿಬಿಡುತ್ತದೆ. ವಿಷುಯಲ್ ಸ್ಟುಡಿಯೋ, ರೈಡರ್ ಮುಂತಾದ ಕೋಡ್ ಬರೆಯುವ ಸಾಧನಗಳ ರೀನೇಮ್ ಸೌಲಭ್ಯ ಅಕ್ಷರಗಳನ್ನಲ್ಲ, ಆ ಹೆಸರು ಯಾವುದನ್ನು ಸೂಚಿಸುತ್ತದೆ ಎಂಬುದನ್ನು ನೋಡಿ ಬದಲಿಸುತ್ತದೆ.

ಗೇಮ್‌ಗಳಲ್ಲಿ ಇಷ್ಟು ಸಾಲದು. ಯೂನಿಟಿ ಗೇಮ್ ಎಂಜಿನ್‌ನಲ್ಲಿ ಡಿಸೈನರ್ ಇನ್‌ಸ್ಪೆಕ್ಟರ್‌ನಲ್ಲಿ ತುಂಬಿದ ಬೆಲೆಗಳು ಸೀನ್ ಮತ್ತು ಪ್ರಿಫ್ಯಾಬ್ ಫೈಲ್‌ಗಳಲ್ಲಿ ಫೀಲ್ಡ್‌ನ ಹೆಸರಿನಡಿಯೇ ಉಳಿಯುತ್ತವೆ. ಫೀಲ್ಡ್‌ನ ಹೆಸರು ಬದಲಾದರೆ ಕಂಪೈಲರ್ ಯಾವ ದೋಷವನ್ನೂ ತೋರಿಸುವುದಿಲ್ಲ, ಆದರೆ ಬೆಲೆಗಳು ಸದ್ದಿಲ್ಲದೆ ಮೂಲಸ್ಥಿತಿಗೆ ಮರಳುತ್ತವೆ. ‘ಫಾರ್ಮರ್ಲಿ ಸೀರಿಯಲೈಸ್ಡ್ ಆ್ಯಸ್’ ಗುರುತಿನೊಂದಿಗೆ ಹಳೆಯ ಹೆಸರನ್ನು ಬರೆದಿಟ್ಟರೆ ಅವು ಉಳಿಯುತ್ತವೆ. ಅನ್‌ರಿಯಲ್ ಎಂಜಿನ್‌ನಲ್ಲಿ ಇದೇ ಕೆಲಸಕ್ಕೆ ಕೋರ್ ರಿಡೈರೆಕ್ಟ್ ಇದೆ.

ಅನಿಮೇಷನ್ ಈವೆಂಟ್‌ಗಳು, ಸ್ಟ್ರಿಂಗ್ ಮೂಲಕ ಕರೆಯುವ ಫಂಕ್ಷನ್‌ಗಳು, ಆಟಗಾರರ ಸೇವ್ ಫೈಲ್‌ಗಳು ಬಹುಮಟ್ಟಿಗೆ ಸಾಧನಗಳ ಕಣ್ಣಿಗೆ ಬೀಳವು. ಅವನ್ನು ಹುಡುಕಿ ಆಟ ಓಡಿಸಿ ನೋಡಲೇಬೇಕು. ಬೇರೆ ಬದಲಾವಣೆ ಬೆರೆಸದೆ, ಮರುನಾಮಕರಣವನ್ನು ಗಿಟ್‌ನಲ್ಲಿ ಪ್ರತ್ಯೇಕ ಕಮಿಟ್ ಮಾಡುವುದೇ ಸರಿಯಾದ ಕ್ರಮ. ಕೆಟ್ಟರೆ ಅದೊಂದನ್ನೇ ಹಿಂದೆಗೆದುಕೊಳ್ಳಬಹುದು.