ದನಿಯ ಜಾಡಿನಲ್ಲಿ ವಲಸೆ: ಮಾಗಡಿ ಕೆರೆಯ ಹೆಬ್ಬಾತುಗಳು

ಕನ್ನಡದ ತಿರುಳು ನೆಲೆಸಿದ ನಾಡನ್ನು ಗುರುತಿಸುವಾಗ 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಊರಿನ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿರುವುದು ಗಮನಾರ್ಹ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಕೆರೆ ಕಟ್ಟುವುದೆಂದರೆ ಊರನ್ನು ಕಟ್ಟಿದಂತೆಯೇ ಆಗಿತ್ತು. ಲಕ್ಷ್ಮೇಶ್ವರಕ್ಕೆ ಸಮೀಪದಲ್ಲಿ, ಶಿರಹಟ್ಟಿ ತಾಲೂಕಿನಲ್ಲಿರುವ ಮಾಗಡಿ ಕೆರೆಯು ಈ ಪರಂಪರೆಗೆ ಸೇರಿದುದು. ಸುಮಾರು 134 ಎಕರೆ ವಿಸ್ತಾರದ ಈ ಕೆರೆ ನೀರಾವರಿಯ ಚರಿತ್ರೆಗೆ ಮಾತ್ರವಲ್ಲದೆ ವಲಸೆಯ ಚರಿತ್ರೆಗೂ ಆಕರವಾಗಿದೆ.

ಹಿಂಗಾರಿ ಪೈರು ಮೇಲೇಳುವ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬಂದಿಳಿಯುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವುದರಿಂದ ಅವಕ್ಕೆ ಈ ಹೆಸರು. ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಸಂಜೆ ಕವಿಯುತ್ತಿದ್ದಂತೆ ಸುತ್ತಲಿನ ಹೊಲಗಳಿಗೆ ಮೇಯಲು ಹೊರಡುತ್ತವೆ. ಕತ್ತಲಲ್ಲಿ ಹಾರುವ ಹಿಂಡನ್ನು ಹೊಲ ಕಾಯುವವನು ತಿಳಿಯಬೇಕಾದುದು ಕಣ್ಣಿನಿಂದಲ್ಲ, ಕಿವಿಯಿಂದ.

ಇವುಗಳ ದಾರಿಯನ್ನು ವಿಜ್ಞಾನ ಅರಿತದ್ದು ನಿಧಾನವಾಗಿ. 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಭ್ಯಸಿಸುವ ಯೋಜನೆಯನ್ನು ಕೈಗೊಂಡಿತು. ಮುಂದೆ ಉಪಗ್ರಹ ಸಾಧನಗಳು ಬಂದವು. ಒಡಿಶಾದ ಚಿಲಿಕಾ, ತಮಿಳುನಾಡಿನ ಕೂಂದಂಕುಳಂ ಹಾಗೂ ಮಂಗೋಲಿಯಾದಲ್ಲಿ ಹಿಡಿದ ಹೆಬ್ಬಾತುಗಳಿಗೆ ಅವನ್ನು ಕಟ್ಟಿ ನಡೆಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಹಿಮಾಲಯದ ಏರುಹಾದಿಯನ್ನು ಈ ಹಕ್ಕಿಗಳು ಸುಮಾರು ಎಂಟು ಗಂಟೆಗಳಲ್ಲಿ ಕ್ರಮಿಸುತ್ತವೆ, ಅದೂ ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವದಲ್ಲಿ ಎಂಬುದು ಅದರಿಂದ ತಿಳಿದುಬಂದಿತು.

ಕಣ್ಣಿಗೆ ಕಾಣದ ವಲಸೆಯನ್ನು ದನಿಯಿಂದ ಅರಿಯುವ ಕ್ರಮವು ಕಡಲಲ್ಲಿ ಇನ್ನಷ್ಟು ಬೆಳೆದಿದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚಲಿಸುತ್ತದೆ. ನೀಲಿ ತಿಮಿಂಗಿಲದ ಒಂದೊಂದು ಸಮುದಾಯಕ್ಕೂ ತನ್ನದೇ ಹಾಡಿನ ಧಾಟಿಯುಂಟು. ಲಕ್ಷದ್ವೀಪದ ಕವರತ್ತಿಯ ಬಳಿ ನೀರಿನಡಿ ಧ್ವನಿಗ್ರಾಹಕಗಳನ್ನಿರಿಸಿ 2018ರ ಕೊನೆಯಿಂದ ನಡೆಸಿದ ಮುದ್ರಣದಲ್ಲಿ ಶ್ರೀಲಂಕಾ ಕಡಲಿನ ಧಾಟಿಯೇ ಕೇಳಿಬಂದಿತು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಮಿಂಗಿಲಗಳ ಸಂಚಾರದ ಋತುವೂ ಗೊತ್ತಾಯಿತು. ಆದರೆ ಈ ಕ್ರಮಕ್ಕೆ ಮಿತಿಯೂ ಇದೆ. ಹಾಡುವುದು ಗಂಡು ತಿಮಿಂಗಿಲವೆಂದು ತಿಳಿಯಲಾಗಿದೆ. ಮೌನವಾಗಿ ಸಾಗಿದುದು ಲೆಕ್ಕಕ್ಕೆ ಸಿಗುವುದಿಲ್ಲ.

2024ರಲ್ಲಿ ಮಾಗಡಿ ಕೆರೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಮನ್ನಣೆ ದೊಡ್ಡದು, ಆದರೆ ಕೆರೆ ತುಂಬುವುದು ಮಳೆಯಿಂದ, ಹಕ್ಕಿಯ ಹೊಟ್ಟೆ ತುಂಬುವುದು ರೈತನ ಪೈರಿನಿಂದ. ಆದ್ದರಿಂದ ಸಂರಕ್ಷಣೆಯ ಮಾತು ರೈತನ ನಷ್ಟವನ್ನು ಬಿಟ್ಟು ಪೂರ್ಣವಾಗಲಾರದು. ಅಂತೆಯೇ ಅವನ ಅರಿವನ್ನು ಬಿಟ್ಟೂ ಪೂರ್ಣವಾಗಲಾರದು. ಕೆರೆ ಬತ್ತಿದ ವರುಷ ಯಾವುದು, ಹಿಂಡಿನ ಮೊದಲ ದನಿ ಕೇಳಿದ ಇರುಳು ಯಾವುದು, ಯಾವ ಹೊಲದ ಮೇಲೆ ಅದು ಹಾದುಹೋಯಿತು ಎಂಬುದನ್ನು ಮಾಗಡಿಯಿಂದ ಕಪ್ಪತಗುಡ್ಡದ ಸೆರಗಿನ ಮುಂಡರಗಿಯವರೆಗೆ ಹಿರಿಯರಿಂದ ಕೇಳಿ ದಾಖಲಿಸುವುದು ಜಾನಪದ ಅಧ್ಯಯನಕ್ಕೆ ಸಲ್ಲುವ ಕೆಲಸವೇ ಆಗಿದೆ. ಯಂತ್ರವು ಇರಿಸಿದ ದಿನದಿಂದ ಮಾತ್ರ ಕೇಳಬಲ್ಲುದು. ಅದಕ್ಕೂ ಹಿಂದಿನ ಇರುಳುಗಳನ್ನು ಕೇಳಿದವರು ಹೊಲ ಕಾದವರು. ಅವರ ನೆನಪು ಮಾಸುವ ಮುನ್ನ ಆ ಕೆಲಸ ನಡೆಯಬೇಕಾಗಿದೆ.